ಗ್ರಿಡ್ ತಲುಪದ ಒಂಟಿಮನೆಗೆ ಸೌರ ವಿದ್ಯುತ್: ಲೆಕ್ಕವನ್ನು ಎಲ್ಲಿಂದ ಆರಂಭಿಸಬೇಕು?

ವಿದ್ಯುತ್ ಕಂಬಗಳು ತಲುಪದ ಜಾಗದಲ್ಲಿ ಒಂದು ಪುಟ್ಟ ಮನೆ ಕಟ್ಟಿಕೊಳ್ಳಬೇಕೆಂಬ ಆಸೆ ಹಲವರಿಗಿದೆ. ಕಳೆದ ಒಂದೆರಡು ದಶಕಗಳಲ್ಲಿ ಸೌರ ಫಲಕಗಳ ಬೆಲೆ ಬಹಳವಾಗಿ ಇಳಿದಿರುವುದರಿಂದ ಮತ್ತು ಲಿಥಿಯಂ ಬ್ಯಾಟರಿಗಳೂ ಮನೆಬಳಕೆಗೆ ಎಟುಕತೊಡಗಿರುವುದರಿಂದ, ದೂರದಿಂದ ತಂತಿ ಎಳೆಸುವ ಬದಲು ಬೇಕಾದ ವಿದ್ಯುತ್ತನ್ನು ಮನೆಯ ಮಾಡಿನ ಮೇಲೆಯೇ ತಯಾರಿಸಿಕೊಳ್ಳುವುದು ಈಗ ಅನೇಕರಿಗೆ ಸಾಧ್ಯವಾಗಿದೆ. ಆದರೆ ಇಂಥ ವ್ಯವಸ್ಥೆಯನ್ನು ಹಾಕಿಸಿಕೊಂಡವರಲ್ಲಿ ಕೆಲವರು ಮೊದಲ ಮೋಡದ ವಾರದಲ್ಲೇ ಕತ್ತಲೆಯಲ್ಲಿ ಕೂರಬೇಕಾಗುತ್ತದೆ. ಇನ್ನು ಕೆಲವರ ಬ್ಯಾಟರಿ ಎರಡೇ ವರ್ಷಕ್ಕೆ ಕೈಕೊಡುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ದೋಷ ಉಪಕರಣದ್ದಲ್ಲ, ಲೆಕ್ಕದ್ದು.

ಗ್ರಿಡ್ ಸಂಪರ್ಕವಿರುವ ಮನೆಯಲ್ಲಿ ಮಾಡಿನ ಮೇಲಿನ ಫಲಕಗಳು ಒಂದು ದಿನ ಕಡಿಮೆ ವಿದ್ಯುತ್ ಕೊಟ್ಟರೆ ಕೊರತೆಯನ್ನು ಗ್ರಿಡ್ ತುಂಬಿಕೊಡುತ್ತದೆ. ಅಂಥ ಮನೆಯಲ್ಲಿ ವರ್ಷದ ಒಟ್ಟು ಉತ್ಪಾದನೆ ಸರಿಯಿದ್ದರೆ ಸಾಕು. ಗ್ರಿಡ್ ಇಲ್ಲದ ಮನೆಗೆ ಈ ಸಾಲ ಸಿಗುವುದಿಲ್ಲ. ಅಲ್ಲಿ ಪ್ರತಿ ರಾತ್ರಿಯ ಖರ್ಚು ಹಿಂದಿನ ಹಗಲುಗಳ ಉಳಿತಾಯದಿಂದಲೇ ಬರಬೇಕು. ಆದ್ದರಿಂದ ಲೆಕ್ಕ ನಡೆಯಬೇಕಾದದ್ದು ವರ್ಷದ ಸರಾಸರಿಯ ಮೇಲಲ್ಲ, ವರ್ಷದ ಅತ್ಯಂತ ಕಳಪೆ ತಿಂಗಳ ಮೇಲೆ. ಇದೊಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ವ್ಯಾಟ್ ಬೇರೆ, ಯೂನಿಟ್ ಬೇರೆ

ಮೊದಲಿಗೆ ಎರಡು ಅಳತೆಗಳನ್ನು ಬಿಡಿಸಿಕೊಳ್ಳಬೇಕು. ವ್ಯಾಟ್ ಎಂಬುದು ವಿದ್ಯುತ್ ಬಳಕೆಯಾಗುವ ಅಥವಾ ಉತ್ಪಾದನೆಯಾಗುವ ವೇಗ. ನಲ್ಲಿಯಿಂದ ನೀರು ಎಷ್ಟು ಜೋರಾಗಿ ಬರುತ್ತಿದೆ ಎಂಬುದರ ಹಾಗೆ. ವ್ಯಾಟ್-ಅವರ್ ಎಂಬುದು ಒಟ್ಟು ಪ್ರಮಾಣ. ಆ ನಲ್ಲಿಯಿಂದ ಕೊಡಕ್ಕೆ ಬಂದು ಬಿದ್ದ ನೀರಿನ ಹಾಗೆ. ಸಾವಿರ ವ್ಯಾಟ್-ಅವರ್ ಸೇರಿದರೆ ಒಂದು ಕಿಲೋವ್ಯಾಟ್-ಅವರ್, ಅಂದರೆ ವಿದ್ಯುತ್ ಬಿಲ್ಲಿನಲ್ಲಿ ನಾವು ಯೂನಿಟ್ ಎಂದು ಕರೆಯುವ ಅಳತೆ.

10 ವ್ಯಾಟ್‌ನ ಎಲ್‌ಇಡಿ ಬಲ್ಬ್ 10 ಗಂಟೆ ಉರಿದರೆ 100 ವ್ಯಾಟ್-ಅವರ್ ಖರ್ಚಾಗುತ್ತದೆ. 2000 ವ್ಯಾಟ್‌ನ ಹೀಟರ್ ಅಷ್ಟನ್ನೇ ಖರ್ಚು ಮಾಡಲು ಬರೀ 3 ನಿಮಿಷ ತೆಗೆದುಕೊಳ್ಳುತ್ತದೆ. ಇಡೀ ಯೋಜನೆಯಲ್ಲಿ ಬ್ಯಾಟರಿ ಮತ್ತು ಫಲಕಗಳ ಗಾತ್ರವನ್ನು ನಿರ್ಧರಿಸುವುದು ವ್ಯಾಟ್-ಅವರ್. ಇನ್ವರ್ಟರ್‌ನ ಗಾತ್ರವನ್ನು ನಿರ್ಧರಿಸುವುದು ವ್ಯಾಟ್. ಇವೆರಡನ್ನು ಬೆರೆಸಿಕೊಂಡಾಗಲೇ "ನನ್ನ ಬಳಿ 2000 ವ್ಯಾಟ್‌ನ ಇನ್ವರ್ಟರ್ ಇದೆ, ಆದರೂ ರಾತ್ರಿಯಿಡೀ ಕರೆಂಟ್ ಏಕೆ ನಿಲ್ಲುವುದಿಲ್ಲ" ಎಂಬ ಪ್ರಶ್ನೆ ಹುಟ್ಟುತ್ತದೆ.

ಇನ್ನೆರಡು ಪದಗಳು ವೋಲ್ಟ್ ಮತ್ತು ಆಂಪಿಯರ್. ವೋಲ್ಟ್ ಎಂದರೆ ಕೊಳವೆಯಲ್ಲಿನ ನೀರಿನ ಒತ್ತಡವಿದ್ದಂತೆ, ಆಂಪಿಯರ್ ಎಂದರೆ ಹರಿವಿನ ಪ್ರಮಾಣವಿದ್ದಂತೆ. ಇವೆರಡನ್ನು ಗುಣಿಸಿದರೆ ವ್ಯಾಟ್ ಸಿಗುತ್ತದೆ.

ವ್ಯವಸ್ಥೆಯ ನಾಲ್ಕು ಅಂಗಗಳು

ಬಿಸಿಲನ್ನು ವಿದ್ಯುತ್ತಾಗಿಸುವುದು ಸೌರ ಫಲಕ. ಸಿಲಿಕಾನ್ ಪದರದ ಮೇಲೆ ಬೆಳಕು ಬಿದ್ದಾಗ ಅದರೊಳಗಿನ ಇಲೆಕ್ಟ್ರಾನ್‌ಗಳು ಬಿಡುಗಡೆಗೊಂಡು ಒಂದೇ ದಿಕ್ಕಿಗೆ ಹರಿಯುವುದು ಇದರ ತತ್ವ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಪ್ರದರ್ಶಿಸಿದ ಸಿಲಿಕಾನ್ ಸೌರಕೋಶ ತನ್ನ ಮೇಲೆ ಬಿದ್ದ ಬೆಳಕಿನ ಶಕ್ತಿಯಲ್ಲಿ ಸುಮಾರು 6 ಶೇಕಡಾವನ್ನು ವಿದ್ಯುತ್ತಾಗಿ ಪರಿವರ್ತಿಸಿತ್ತು; ಇಂದು ಮನೆಗಳಿಗೆ ಬರುವ ಫಲಕಗಳು 20 ಶೇಕಡಾ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು ಪರಿವರ್ತಿಸುತ್ತವೆ. ಹಗಲಿನ ವಿದ್ಯುತ್ತನ್ನು ರಾತ್ರಿಗೆ ಕೂಡಿಡುವುದು ಬ್ಯಾಟರಿ. ಫಲಕಕ್ಕೂ ಬ್ಯಾಟರಿಗೂ ನಡುವೆ ನಿಂತು, ಬ್ಯಾಟರಿಗೆ ಎಷ್ಟು ವೋಲ್ಟೇಜಿನಲ್ಲಿ ಎಷ್ಟು ವಿದ್ಯುತ್ ಹೋಗಬೇಕು ಮತ್ತು ಅದು ತುಂಬಿದ ಮೇಲೆ ಯಾವಾಗ ನಿಲ್ಲಿಸಬೇಕು ಎಂಬುದನ್ನು ನೋಡಿಕೊಳ್ಳುವುದು ಚಾರ್ಜ್ ಕಂಟ್ರೋಲರ್. ಬ್ಯಾಟರಿಯಲ್ಲಿರುವ ನೇರ ವಿದ್ಯುತ್ತನ್ನು, ಅಂದರೆ ಡಿಸಿಯನ್ನು, ಮನೆಯ ಸಾಮಾನ್ಯ ಉಪಕರಣಗಳಿಗೆ ಬೇಕಾದ ಪರ್ಯಾಯ ವಿದ್ಯುತ್ತಾಗಿ, ಅಂದರೆ ಎಸಿಯಾಗಿ, ಬದಲಿಸುವುದು ಇನ್ವರ್ಟರ್.

ಮಳೆನೀರು ಸಂಗ್ರಹಿಸುವ ಮನೆಯನ್ನು ನೆನೆದರೆ ಫಲಕಕ್ಕೂ ಬ್ಯಾಟರಿಗೂ ಇರುವ ಸಂಬಂಧ ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ. ಅಲ್ಲಿನ ಮಾಡು ಇಲ್ಲಿನ ಫಲಕ, ಅಲ್ಲಿನ ತೊಟ್ಟಿ ಇಲ್ಲಿನ ಬ್ಯಾಟರಿ. ಮಾಡು ದೊಡ್ಡದಿದ್ದು ತೊಟ್ಟಿ ಚಿಕ್ಕದಿದ್ದರೆ ನೀರು ಹೊರಗೆ ಚೆಲ್ಲಿಹೋಗುತ್ತದೆ. ತೊಟ್ಟಿ ದೊಡ್ಡದಿದ್ದು ಮಾಡು ಚಿಕ್ಕದಿದ್ದರೆ ತೊಟ್ಟಿ ಎಂದೂ ತುಂಬುವುದಿಲ್ಲ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಕೆಟ್ಟದ್ದು. ಏಕೆಂದರೆ ಅರೆ ತುಂಬಿದ ತೊಟ್ಟಿಗೆ ಹಾನಿಯೇನೂ ಆಗುವುದಿಲ್ಲ, ಆದರೆ ಸದಾ ಅರೆ ತುಂಬಿಯೇ ಇರುವ ಲೆಡ್ ಆಸಿಡ್ ಬ್ಯಾಟರಿ ಒಳಗಿನಿಂದಲೇ ಹಾಳಾಗುತ್ತಾ ಹೋಗುತ್ತದೆ.

ಮೊದಲು ಖರ್ಚಿನ ಪಟ್ಟಿ

ಅಂಗಡಿಗೆ ಹೋಗುವ ಮೊದಲು ಕಾಗದ ಮತ್ತು ಪೆನ್ನು ಹಿಡಿದು ಕೂರಬೇಕು. ಮನೆಯಲ್ಲಿ ಬಳಸುವ ಪ್ರತಿಯೊಂದು ಉಪಕರಣದ ವ್ಯಾಟ್ ಎಷ್ಟು, ಅದು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂದು ಬರೆದು, ಎರಡನ್ನೂ ಗುಣಿಸಿ ಕೂಡಬೇಕು. ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ.

10 ವ್ಯಾಟ್‌ನ 5 ಬಲ್ಬುಗಳು ದಿನಕ್ಕೆ 5 ಗಂಟೆ ಉರಿದರೆ 250 ವ್ಯಾಟ್-ಅವರ್. 30 ವ್ಯಾಟ್‌ನ 2 ಫ್ಯಾನುಗಳು 8 ಗಂಟೆ ತಿರುಗಿದರೆ 480. ಲ್ಯಾಪ್‌ಟಾಪ್ 60 ವ್ಯಾಟ್‌ನಂತೆ 4 ಗಂಟೆ, ಅಂದರೆ 240. ಇಂಟರ್ನೆಟ್ ರೌಟರ್ 10 ವ್ಯಾಟ್ ಮಾತ್ರ, ಆದರೆ ಅದು 24 ಗಂಟೆಯೂ ಓಡುವುದರಿಂದ ಅದಕ್ಕೂ 240. ಫೋನುಗಳ ಚಾರ್ಜಿಂಗ್‌ಗೆ 30. 750 ವ್ಯಾಟ್ ಎಳೆಯುವ ನೀರಿನ ಪಂಪು 20 ನಿಮಿಷ ಓಡಿದರೆ 250. ಸಾಧಾರಣ ಗಾತ್ರದ ಫ್ರಿಜ್ಜಿಗೆ 900. ಒಟ್ಟು 2390 ವ್ಯಾಟ್-ಅವರ್.

ಫ್ರಿಜ್ಜಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಅದರ ಕಂಪ್ರೆಸರ್ ಓಡುತ್ತಾ ನಿಲ್ಲುತ್ತಾ ಇರುವುದರಿಂದ, ಫ್ರಿಜ್ಜಿನ ಚೀಟಿಯ ಮೇಲೆ ಬರೆದಿರುವ ವ್ಯಾಟನ್ನು 24ರಿಂದ ಗುಣಿಸಿದರೆ ಲೆಕ್ಕ ವಿಪರೀತವಾಗಿ ಏರುತ್ತದೆ. ಗೋಡೆಯ ಸಾಕೆಟ್ಟಿಗೂ ಉಪಕರಣದ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಚಿಕ್ಕ ಮೀಟರುಗಳು ದೊರೆಯುತ್ತವೆ. ಈಗಿರುವ ಮನೆಯಲ್ಲಿ ಫ್ರಿಜ್ಜನ್ನು ಅದರ ಮೂಲಕ ನಾಲ್ಕೈದು ದಿನ ಓಡಿಸಿ ಅಳೆದರೆ ಸಿಗುವ ಅಂಕಿ ಯಾವ ಅಂದಾಜಿಗಿಂತಲೂ ನಂಬಿಕೆಗೆ ಅರ್ಹ.

ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಖರ್ಚಿದೆ, ಅದು ಇನ್ವರ್ಟರ್‌ನದೇ. ಯಾವ ಉಪಕರಣವೂ ಓಡದಿದ್ದಾಗಲೂ, ಚಾಲೂ ಇರುವಷ್ಟು ಕಾಲ ಇನ್ವರ್ಟರ್ ಸ್ವಲ್ಪ ವಿದ್ಯುತ್ ಕುಡಿಯುತ್ತಲೇ ಇರುತ್ತದೆ. ಅದು 15 ವ್ಯಾಟ್ ಎಂದುಕೊಂಡರೂ ದಿನಕ್ಕೆ 360 ವ್ಯಾಟ್-ಅವರ್, ಅಂದರೆ ನಮ್ಮ ಪಟ್ಟಿಯ ಐದು ಬಲ್ಬುಗಳಿಗಿಂತ ಹೆಚ್ಚು. ಇದಲ್ಲದೆ ಡಿಸಿಯನ್ನು ಎಸಿ ಮಾಡುವಾಗ ಸುಮಾರು ಹತ್ತನೆಯ ಒಂದು ಭಾಗ ಶಾಖವಾಗಿ ಹೋಗುತ್ತದೆ. 2390ನ್ನು 0.9ರಿಂದ ಭಾಗಿಸಿ, ಅದಕ್ಕೆ 360 ಸೇರಿಸಿದರೆ 3000ದ ಆಸುಪಾಸಿಗೆ ಬರುತ್ತೇವೆ. ನಮ್ಮ ಮನೆಗೆ ದಿನಕ್ಕೆ 3 ಯೂನಿಟ್ ಬೇಕು.

ನೀರು ಕಾಯಿಸುವುದು, ಅಡುಗೆ ಮಾಡುವುದು, ಕೋಣೆ ಬೆಚ್ಚಗಿಡುವುದು ಈ ಪಟ್ಟಿಯಲ್ಲಿ ಇಲ್ಲದಿರುವುದನ್ನು ಓದುಗರು ಗಮನಿಸಿರಬಹುದು. ಅದು ಉದ್ದೇಶಪೂರ್ವಕ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು 1.16 ವ್ಯಾಟ್-ಅವರ್ ಬೇಕೇಬೇಕು. ಇದು ನಿಸರ್ಗದ ನಿಯಮವಾದ್ದರಿಂದ ಎಷ್ಟು ಉತ್ತಮ ಕಾಯಿಲ್ ಹೀಟರ್ ತಂದರೂ ಇದಕ್ಕಿಂತ ಕಡಿಮೆಯಾಗದು. 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಲು ಸುಮಾರು 700 ವ್ಯಾಟ್-ಅವರ್ ಬೇಕು, ಅಷ್ಟರಲ್ಲಿ ನಮ್ಮ ಬಲ್ಬೊಂದು 70 ಗಂಟೆ ಉರಿಯುತ್ತದೆ. ಆದ್ದರಿಂದ ಶಾಖದ ಕೆಲಸಗಳನ್ನು ಗ್ಯಾಸ್, ಸೌದೆ ಅಥವಾ ನೀರನ್ನು ನೇರವಾಗಿ ಬಿಸಿಲಿನಿಂದಲೇ ಕಾಯಿಸುವ ಸೋಲಾರ್ ವಾಟರ್ ಹೀಟರ್‌ಗೆ ವಹಿಸುವುದು ಗ್ರಿಡ್ ಇಲ್ಲದ ಮನೆಯ ಮೊದಲ ವಿವೇಕ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಮಾತು ಇಲ್ಲಿ ಅಕ್ಷರಶಃ ನಿಜ. ಹಳೆಯ 75 ವ್ಯಾಟ್ ಫ್ಯಾನಿನ ಬದಲು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನು ಹಾಕಿದರೆ ಉಳಿಯುವುದು ವಿದ್ಯುತ್ ಮಾತ್ರವಲ್ಲ, ಆ ವಿದ್ಯುತ್ತನ್ನು ತಯಾರಿಸಲು ಮತ್ತು ಕೂಡಿಡಲು ಬೇಕಾಗಿದ್ದ ಫಲಕ ಹಾಗೂ ಬ್ಯಾಟರಿ ಕೂಡ.

ಬಿಸಿಲನ್ನು ಅಳೆಯುವ ಬಗೆ

ಫಲಕದ ಮೇಲೆ 350 ವ್ಯಾಟ್ ಎಂದು ಬರೆದಿದ್ದರೆ ಅದು ಪ್ರಯೋಗಾಲಯದ ಅಂಕಿ. ಒಂದು ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬೀಳುತ್ತಿರುವಾಗ, ಸೌರಕೋಶದ ಉಷ್ಣತೆ 25 ಡಿಗ್ರಿ ಇರುವಾಗ ಅದು ಕೊಡುವ ಶಕ್ತಿ ಅಷ್ಟು. ಹೊರಗಿನ ಬಿಸಿಲು ಬೆಳಗ್ಗೆ ಮಂದವಾಗಿದ್ದು, ಮಧ್ಯಾಹ್ನ ಏರಿ, ಸಂಜೆ ಇಳಿಯುತ್ತದೆ. ಹೀಗೆ ಏರಿಳಿಯುವ ಇಡೀ ದಿನದ ಬಿಸಿಲನ್ನು 1000 ವ್ಯಾಟ್‌ನ ಪೂರ್ಣ ಬಿಸಿಲಾಗಿ ಮಡಚಿಟ್ಟರೆ ಎಷ್ಟು ಗಂಟೆಯಾಗುತ್ತದೋ ಅದನ್ನು ಪೂರ್ಣ ಬಿಸಿಲಿನ ಗಂಟೆ ಎನ್ನಬಹುದು. ಸೂರ್ಯ 12 ಗಂಟೆ ಕಾಣಿಸಿಕೊಂಡ ದಿನವೂ ಈ ಅಂಕಿ 4, 5 ಅಥವಾ 6 ಇರಬಹುದು. ಸಮಭಾಜಕದಿಂದ ದೂರದ ಪ್ರದೇಶಗಳ ಚಳಿಗಾಲದಲ್ಲಿ 2ಕ್ಕಿಂತ ಕೆಳಗೂ ಇಳಿಯಬಹುದು. ಯಾವುದೇ ಸ್ಥಳದ ಅಕ್ಷಾಂಶ, ರೇಖಾಂಶ ಕೊಟ್ಟರೆ ತಿಂಗಳುವಾರು ಅಂಕಿಗಳನ್ನು ಉಚಿತವಾಗಿ ತೋರಿಸುವ ಸಾಧನಗಳು ಅಂತರ್ಜಾಲದಲ್ಲಿವೆ. ಯುರೋಪಿಯನ್ ಆಯೋಗದ ಪಿವಿಜಿಐಎಸ್ ಮತ್ತು ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯವೊಂದು ರೂಪಿಸಿದ ಪಿವಿವ್ಯಾಟ್ಸ್ ಅವುಗಳಲ್ಲಿ ಹೆಸರಾದವು. ಅವು ಕೊಡುವ ಹನ್ನೆರಡು ಅಂಕಿಗಳಲ್ಲಿ, ಮನೆ ಬಳಕೆಯಲ್ಲಿರುವ ತಿಂಗಳುಗಳ ಪೈಕಿ ಅತ್ಯಂತ ಚಿಕ್ಕದನ್ನು ಆಯ್ದುಕೊಳ್ಳಬೇಕು.

ಆ ಅಂಕಿಯನ್ನೂ ಪೂರ್ತಿ ನಂಬಿ ಕೂರುವಂತಿಲ್ಲ. ಬಿಸಿಲಿಗೆ ಫಲಕ ಕಾಯ್ದಷ್ಟೂ ಅದರ ಉತ್ಪಾದನೆ ಇಳಿಯುತ್ತದೆ. ಪ್ರತಿ ಡಿಗ್ರಿಗೆ ಸುಮಾರು 0.35 ಶೇಕಡಾದಂತೆ, ಕೋಶಗಳು 65 ಡಿಗ್ರಿ ಮುಟ್ಟಿದಾಗ 14 ಶೇಕಡಾದಷ್ಟು ಕಡಿಮೆ. ಇದರ ಮೇಲೆ ಧೂಳು, ತಂತಿಯಲ್ಲಿನ ನಷ್ಟ, ಕಂಟ್ರೋಲರಿನ ನಷ್ಟ, ಬ್ಯಾಟರಿ ತುಂಬಿಸುವಾಗಿನ ನಷ್ಟ ಸೇರುತ್ತವೆ. ಎಲ್ಲ ಸೇರಿ ಬರೆದ ವ್ಯಾಟಿನ 70 ಶೇಕಡಾ ಮಾತ್ರ ಕೈಗೆ ಸಿಗುತ್ತದೆ ಎಂದು ಹಿಡಿಯುವುದು ಎಚ್ಚರಿಕೆಯ ಲೆಕ್ಕ.

ಬ್ಯಾಟರಿ: ಎಷ್ಟು ದಿನದ ಕೂಡಿಕೆ?

ಬಿಸಿಲೇ ಬಾರದ ಎಷ್ಟು ದಿನ ಮನೆ ನಡೆಯಬೇಕು ಎಂಬುದನ್ನು ಮೊದಲು ನಿರ್ಧರಿಸಬೇಕು. ವಾರಾಂತ್ಯಕ್ಕೆ ಮಾತ್ರ ಬರುವವರಿಗೆ ಒಂದು ದಿನದ ಕೂಡಿಕೆ ಸಾಕಾಗಬಹುದು, ವರ್ಷವಿಡೀ ವಾಸಿಸುವವರು ಎರಡು ಅಥವಾ ಮೂರು ದಿನದ್ದನ್ನು ಇಟ್ಟುಕೊಳ್ಳುತ್ತಾರೆ. ನಮ್ಮ ಮನೆಗೆ ಎರಡು ದಿನ ಎಂದುಕೊಂಡರೆ 6 ಯೂನಿಟ್ ಬೇಕು.

ಆದರೆ 6 ಯೂನಿಟ್ ಹಿಡಿಯುವ ಬ್ಯಾಟರಿ ಕೊಂಡರೆ 6 ಯೂನಿಟ್ ಬಳಸಲು ಬರುವುದಿಲ್ಲ. ಪ್ರತಿಯೊಂದು ಬ್ಯಾಟರಿಯನ್ನೂ ಎಷ್ಟರ ಮಟ್ಟಿಗೆ ಬರಿದು ಮಾಡಬಹುದು ಎಂಬುದಕ್ಕೆ ಮಿತಿಯಿದೆ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ಲೆಡ್ ಆಸಿಡ್ ಬ್ಯಾಟರಿ ಇಂದಿಗೂ ಬಳಕೆಯಲ್ಲಿದೆ. ಅದನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡುತ್ತಾ ಹೋದರೆ ಆಯುಷ್ಯ ಬೇಗ ಕುಗ್ಗುತ್ತದೆ. ಹೀಗಾಗಿ 6 ಯೂನಿಟ್ ಬಳಸಬೇಕೆಂದರೆ 12 ಯೂನಿಟ್‌ನ ಲೆಡ್ ಆಸಿಡ್ ಬ್ಯಾಟರಿ ಬೇಕಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು 80 ಶೇಕಡಾದವರೆಗೆ ನಿರಾತಂಕವಾಗಿ ಬಳಸಬಹುದಾದ್ದರಿಂದ 7.5 ಯೂನಿಟ್‌ನದು ಸಾಕು. ಸೌರ ಬಳಕೆಗೆ ಲೆಡ್ ಆಸಿಡ್ ಆಯ್ದುಕೊಂಡರೂ ಕಾರಿನ ಬ್ಯಾಟರಿಯನ್ನು ತರಬಾರದು. ಅದು ಎಂಜಿನ್ ಚಾಲೂ ಮಾಡುವ ಕೆಲವು ಕ್ಷಣಗಳ ರಭಸಕ್ಕಾಗಿ ತಯಾರಾದದ್ದು, ರಾತ್ರಿಯಿಡೀ ನಿಧಾನವಾಗಿ ಖಾಲಿಯಾಗುವುದಕ್ಕಲ್ಲ.

ಎರಡರ ನಡುವಿನ ಇನ್ನೊಂದು ವ್ಯತ್ಯಾಸ ಸ್ವಭಾವದ್ದು. ಲೆಡ್ ಆಸಿಡ್ ಬ್ಯಾಟರಿ ಆಗಾಗ ಪೂರ್ತಿ ತುಂಬಲೇಬೇಕು. ಅರೆ ಚಾರ್ಜಿನಲ್ಲಿ ವಾರಗಟ್ಟಲೆ ಉಳಿದರೆ ಅದರ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾದ ಹರಳುಗಳಾಗಿ ಕೂತು, ಮತ್ತೆ ಕರಗದೆ ಸಾಮರ್ಥ್ಯವನ್ನು ತಿಂದುಹಾಕುತ್ತದೆ. ಇದರ ಜೊತೆಗೆ ತೆರೆದ ಬಗೆಯದಕ್ಕೆ ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು. ಲಿಥಿಯಂ ಐರನ್ ಫಾಸ್ಫೇಟ್‌ಗೆ ಈ ತೊಂದರೆಗಳಿಲ್ಲ. ಲೆಡ್ ಆಸಿಡ್ ನೂರಾರು ಬಾರಿಯಿಂದ ಸಾವಿರದ ಸುಮಾರಿಗೆ ತುಂಬಿ ಖಾಲಿಯಾಗುವಷ್ಟು ಬಾಳಿದರೆ, ಇದು ಹಲವು ಸಾವಿರ ಬಾರಿಯ ಬಾಳಿಕೆ ಹೊಂದಿದೆ. ಆದರೆ ಇದಕ್ಕೂ ಒಂದು ದೌರ್ಬಲ್ಯವಿದೆ. ಕೋಶಗಳ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿರುವಾಗ ಇದನ್ನು ಚಾರ್ಜ್ ಮಾಡಬಾರದು. ಮಾಡಿದರೆ ಲಿಥಿಯಂ ಲೋಹವಾಗಿ ಒಳಗಿನ ವಿದ್ಯುದ್ವಾರದ ಮೇಲೆ ಲೇಪಗೊಂಡು ಸರಿಪಡಿಸಲಾಗದ ಹಾನಿಯಾಗುತ್ತದೆ. ನೀರು ಹೆಪ್ಪುಗಟ್ಟುವ ಪ್ರದೇಶದಲ್ಲಿ ಮನೆಯಿದ್ದರೆ ಬ್ಯಾಟರಿಯನ್ನು ಹೊರಗಿನ ಪೆಟ್ಟಿಗೆಯಲ್ಲಿಡದೆ ಮನೆಯೊಳಗೆ ಇಡಬೇಕು, ಅಥವಾ ಒಳಗೇ ಬಿಸಿ ಮಾಡುವ ಏರ್ಪಾಡಿರುವ ಬ್ಯಾಟರಿಯನ್ನು ಕೊಳ್ಳಬೇಕು. ಪ್ರತಿ ಕೋಶದ ವೋಲ್ಟೇಜು ಮತ್ತು ಉಷ್ಣತೆಯನ್ನು ಗಮನಿಸಿ ಅಪಾಯ ಕಂಡಾಗ ಸಂಪರ್ಕ ಕಡಿಯುವ ಬಿಎಂಎಸ್ ಎಂಬ ವಿದ್ಯುನ್ಮಾನ ಕಾವಲುಗಾರ ಇಲ್ಲದ ಲಿಥಿಯಂ ಬ್ಯಾಟರಿಯನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಮನೆಯೊಳಗೆ ತರಬಾರದು.

ಫಲಕಗಳು ಎಷ್ಟು, ಎಲ್ಲಿ?

ಕಳಪೆ ತಿಂಗಳಲ್ಲಿ ನಮ್ಮ ಮನೆಗೆ 4 ಪೂರ್ಣ ಬಿಸಿಲಿನ ಗಂಟೆಗಳು ಸಿಗುತ್ತವೆ ಎಂದುಕೊಳ್ಳೋಣ. 3000 ವ್ಯಾಟ್-ಅವರನ್ನು 4ರಿಂದ ಮತ್ತು 0.7ರಿಂದ ಭಾಗಿಸಿದರೆ 1070 ವ್ಯಾಟ್ ಬರುತ್ತದೆ. ಅನೇಕರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ 1070 ವ್ಯಾಟಿನ ಫಲಕಗಳು ಒಂದು ದಿನದಲ್ಲಿ ಗಳಿಸುವುದು ಆ ದಿನದ ಖರ್ಚನ್ನು ಮಾತ್ರ. ಎರಡು ದಿನ ಮೋಡ ಕವಿದು ಬ್ಯಾಟರಿ ಬರಿದಾದರೆ, ಮೂರನೆಯ ದಿನ ಬಿಸಿಲು ಬಂದರೂ ಅದನ್ನು ಮತ್ತೆ ತುಂಬಿಸಲು ಏನೂ ಮಿಗುವುದಿಲ್ಲ.

ಫಲಕಗಳನ್ನು 1400 ವ್ಯಾಟಿಗೆ ಏರಿಸಿದರೆ ದಿನದ ಗಳಿಕೆ 3920 ವ್ಯಾಟ್-ಅವರ್, ಮಿಗುವುದು 920. ಬಳಸಿದ 6000 ವ್ಯಾಟ್-ಅವರನ್ನು ತುಂಬಲು ಆರೂವರೆ ದಿನ ಬೇಕು. ಅಷ್ಟರಲ್ಲಿ ಮತ್ತೊಂದು ಮೋಡ ಬರಬಹುದು. 350 ವ್ಯಾಟಿನ 6 ಫಲಕಗಳನ್ನು, ಅಂದರೆ 2100 ವ್ಯಾಟನ್ನು ಹಾಕಿದರೆ ದಿನದ ಗಳಿಕೆ 5880, ಮಿಗುವುದು 2880, ಬ್ಯಾಟರಿ ಎರಡು ದಿನಕ್ಕೆ ಚೂರು ಹೆಚ್ಚು ಸಮಯದಲ್ಲಿ ತುಂಬುತ್ತದೆ. ಮೋಡದ ದಿನಗಳಲ್ಲೂ ಫಲಕಗಳು ಪೂರ್ತಿ ಸುಮ್ಮನಿರದೆ ಸ್ವಲ್ಪವಾದರೂ ಕೊಡುವುದರಿಂದ, ಫಲಕ ಹೆಚ್ಚಿದ್ದಷ್ಟೂ ಆ ಸ್ವಲ್ಪವೂ ಹೆಚ್ಚುತ್ತದೆ. ಹಣ ಒಂದು ಮಿತಿಯಲ್ಲಿದ್ದು, ಬ್ಯಾಟರಿ ಹೆಚ್ಚಿಸಬೇಕೋ ಫಲಕ ಹೆಚ್ಚಿಸಬೇಕೋ ಎಂಬ ಗೊಂದಲ ಬಂದರೆ ಫಲಕದ ಕಡೆಗೇ ವಾಲುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಫಲಕ ಕಾಲು ಶತಮಾನ ದುಡಿಯುತ್ತದೆ, ಬ್ಯಾಟರಿ ಅಷ್ಟು ಬಾಳುವುದಿಲ್ಲ.

ಮನೆ ಇರುವ ಜಾಗದ ಕಳಪೆ ತಿಂಗಳಲ್ಲಿ 2 ಗಂಟೆಯಷ್ಟೇ ಬಿಸಿಲು ಸಿಗುವುದಾದರೆ ಇದೇ 2100 ವ್ಯಾಟ್ ಆ ದಿನದ ಖರ್ಚಿಗೆ ಮಾತ್ರ ಹೆಚ್ಚುಕಡಿಮೆ ಸಾಲುತ್ತದೆ. ಒಂದೇ ಗಾತ್ರದ ಎರಡು ಮನೆಗಳಿಗೆ ಒಂದೇ ಸಿದ್ಧ ಕಿಟ್ ಹೊಂದುವುದಿಲ್ಲ ಎನ್ನುವುದು ಇದಕ್ಕಾಗಿಯೇ.

ಉತ್ತರ ಗೋಳಾರ್ಧದಲ್ಲಿ ಫಲಕಗಳು ದಕ್ಷಿಣಕ್ಕೆ, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿರಬೇಕು. ಓರೆಯ ಕೋನವನ್ನು ಸ್ಥಳದ ಅಕ್ಷಾಂಶದಷ್ಟು ಇಡುವುದು ರೂಢಿ. ಕಳಪೆ ತಿಂಗಳು ಚಳಿಗಾಲದಲ್ಲಿದ್ದರೆ, ಸೂರ್ಯ ಆಗ ಕೆಳಗೆ ಸಾಗುವುದರಿಂದ, ಅದಕ್ಕೆ 15 ಡಿಗ್ರಿಯಷ್ಟು ಸೇರಿಸಿದರೆ ಅನುಕೂಲ. ಕಳಪೆ ತಿಂಗಳು ಮಳೆಗಾಲದಲ್ಲಿದ್ದರೆ ಈ ಹೆಚ್ಚುವರಿ ಓರೆಯಿಂದ ಪ್ರಯೋಜನವಿಲ್ಲ. ಫಲಕದ ಹಿಂದೆ ಗಾಳಿಯಾಡಲು ಜಾಗ ಬಿಟ್ಟರೆ ಅದು ಕಡಿಮೆ ಕಾಯುತ್ತದೆ.

ದಿಕ್ಕು ಸ್ವಲ್ಪ ತಪ್ಪಿದರೆ ನಷ್ಟ ಸಣ್ಣದು, ನೆರಳು ಬಿದ್ದರೆ ನಷ್ಟ ದೊಡ್ಡದು. ಫಲಕದೊಳಗಿನ ಕೋಶಗಳು ಸರಪಳಿಯ ಕೊಂಡಿಗಳಂತೆ ಒಂದರ ಹಿಂದೊಂದು ಜೋಡಣೆಗೊಂಡಿರುವುದರಿಂದ ಒಂದು ಕೋಶದ ಮೇಲೆ ಬಿದ್ದ ನೆರಳು ಅದರ ಸಾಲನ್ನೇ ತಡೆಹಿಡಿಯುತ್ತದೆ. ಬೈಪಾಸ್ ಡಯೋಡ್ ಎಂಬ ಪುಟ್ಟ ಬಿಡಿಭಾಗ ಆ ಸಾಲನ್ನು ಬಳಸಿಕೊಂಡು ಹೋಗುವ ಅಡ್ಡದಾರಿ ಕೊಡುತ್ತದೆ, ಆದರೆ ಒಂದು ಫಲಕದಲ್ಲಿ ಇಂಥವು ಸಾಮಾನ್ಯವಾಗಿ ಮೂರೇ ಇರುತ್ತವೆ. ಅಂದರೆ ಒಂದು ಕೊಂಬೆಯ ನೆರಳಿಗೆ ಫಲಕದ ಮೂರನೆಯ ಒಂದು ಭಾಗ ಹೋಗಬಹುದು. ಮರಗಳ ನಡುವಿನ ಮನೆಯಾದರೆ ಮಾಡಿನ ಮೇಲೆ ಫಲಕ ಹಾಕುವ ಹಟ ಬಿಟ್ಟು, ಬಯಲಿರುವ ಕಡೆ ನೆಲದ ಮೇಲೆಯೇ ಚೌಕಟ್ಟು ನಿಲ್ಲಿಸುವುದು ಲೇಸು.

ವೋಲ್ಟೇಜಿನ ಹೊಂದಾಣಿಕೆ

ಚಿಕ್ಕ ವ್ಯವಸ್ಥೆಗಳು 12 ವೋಲ್ಟಿನಲ್ಲಿ, ದೊಡ್ಡವು 24 ಅಥವಾ 48 ವೋಲ್ಟಿನಲ್ಲಿ ಇರುತ್ತವೆ. ಕಾರಣ ಸರಳ. 2400 ವ್ಯಾಟನ್ನು 12 ವೋಲ್ಟಿನಲ್ಲಿ ಸಾಗಿಸಲು 200 ಆಂಪಿಯರ್ ಹರಿಯಬೇಕು, 48 ವೋಲ್ಟಿನಲ್ಲಿ 50 ಆಂಪಿಯರ್ ಸಾಕು. ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ಆಂಪಿಯರಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ಹರಿವು ನಾಲ್ಕನೆಯ ಒಂದು ಭಾಗವಾದರೆ ಅದೇ ತಂತಿಯಲ್ಲಿ ನಷ್ಟ ಹದಿನಾರನೆಯ ಒಂದು ಭಾಗವಾಗುತ್ತದೆ. ನಮ್ಮ ಮನೆಗೆ 48 ವೋಲ್ಟ್ ಸರಿಯಾದ ಆಯ್ಕೆ. 7.5 ಯೂನಿಟ್‌ನ ಲಿಥಿಯಂ ಬ್ಯಾಟರಿ, ಅದರ ನಿಜವಾದ 51.2 ವೋಲ್ಟಿನ ಲೆಕ್ಕದಲ್ಲಿ, ಸುಮಾರು 150 ಆಂಪಿಯರ್-ಅವರ್, ಅಂದರೆ 150 ಆಂಪಿಯರನ್ನು ಒಂದು ಗಂಟೆ ಕಾಲ ಕೊಡುವಷ್ಟು, ಆಗುತ್ತದೆ.

ಚಾರ್ಜ್ ಕಂಟ್ರೋಲರಿನಲ್ಲಿ ಎರಡು ಬಗೆ. ಪಿಡಬ್ಲ್ಯುಎಂ ಎಂಬುದು ಫಲಕವನ್ನು ಬ್ಯಾಟರಿಗೆ ನೇರವಾಗಿ ಜೋಡಿಸುತ್ತಾ ಬಿಡಿಸುತ್ತಾ ಇರುವ ಸರಳ ಸಾಧನ, ಒಂದೆರಡು ಬಲ್ಬುಗಳ ವ್ಯವಸ್ಥೆಗೆ ಅದು ಸಾಕು. ಎಂಪಿಪಿಟಿ ಎಂಬುದು ಫಲಕ ಅತ್ಯಧಿಕ ಶಕ್ತಿ ಕೊಡುವ ವೋಲ್ಟೇಜನ್ನು ಹುಡುಕಿ, ಅಲ್ಲಿ ಬಂದ ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿ, ಅದಕ್ಕೆ ತಕ್ಕಂತೆ ಆಂಪಿಯರನ್ನು ಏರಿಸುತ್ತದೆ. ಸೈಕಲ್ಲಿನ ಗೇರು ಏರು-ಇಳಿಜಾರಿಗೆ ತಕ್ಕಂತೆ ಕಾಲಿನ ಶಕ್ತಿಯನ್ನು ಹೊಂದಿಸುವ ಹಾಗೆ.

ಎಂಪಿಪಿಟಿ ಕಂಟ್ರೋಲರಿಗೆ ಒಂದು ಗರಿಷ್ಠ ವೋಲ್ಟೇಜಿನ ಮಿತಿ ಇರುತ್ತದೆ, ನಮ್ಮದು 150 ವೋಲ್ಟ್ ಎಂದುಕೊಳ್ಳೋಣ. ಹೊರೆಯಿಲ್ಲದಾಗ 41 ವೋಲ್ಟ್ ಮತ್ತು ದುಡಿಯುವಾಗ 34 ವೋಲ್ಟ್ ಕೊಡುವ ಫಲಕಗಳನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದಾಗಿ, ಜೋಡಿಸಿದರೆ ವೋಲ್ಟೇಜುಗಳು ಕೂಡುತ್ತಾ ಹೋಗುತ್ತವೆ. ನಾಲ್ಕನ್ನು ಜೋಡಿಸಿದರೆ 164 ವೋಲ್ಟ್, ಕಂಟ್ರೋಲರ್ ಸುಟ್ಟುಹೋಗುತ್ತದೆ. ಎರಡನ್ನು ಜೋಡಿಸಿದರೆ ದುಡಿಮೆಯ ವೋಲ್ಟೇಜು 68, ಆದರೆ ಸುಡುಬಿಸಿಲಿನಲ್ಲಿ ಫಲಕ ಕಾಯ್ದಾಗ ಅದು 58ರ ಸುಮಾರಿಗೆ ಇಳಿಯುತ್ತದೆ. ತುಂಬುತ್ತಿರುವ ಬ್ಯಾಟರಿಗೆ 57 ವೋಲ್ಟ್‌ನಷ್ಟು ಬೇಕಾಗಿರುವುದರಿಂದ ಅಂತರ ಸಾಲದೆ, ಉರಿಬಿಸಿಲಿನಲ್ಲೇ ಚಾರ್ಜಿಂಗ್ ಕುಂಟತೊಡಗುತ್ತದೆ. ಮೂರನ್ನು ಜೋಡಿಸಿದರೆ 123 ವೋಲ್ಟ್. ಚಳಿಯಲ್ಲಿ ಫಲಕದ ವೋಲ್ಟೇಜು ಏರುತ್ತದೆ ಎಂಬುದನ್ನು ಮರೆಯದೆ ಸೊನ್ನೆ ಡಿಗ್ರಿಯ ಲೆಕ್ಕ ಮಾಡಿದರೂ 132 ವೋಲ್ಟ್, ಮಿತಿಯೊಳಗೇ ಇದೆ. ಹೀಗಾಗಿ ಮೂರು ಮೂರು ಫಲಕಗಳ ಎರಡು ಸರಣಿ ಮಾಡಿ, ಆ ಎರಡನ್ನು ಸಮಾನಾಂತರವಾಗಿ, ಅಂದರೆ ವೋಲ್ಟೇಜು ಹಾಗೆಯೇ ಇದ್ದು ಆಂಪಿಯರ್ ಕೂಡುವಂತೆ, ಜೋಡಿಸಬೇಕು. ಆಗ ಬ್ಯಾಟರಿಗೆ ಹರಿಯುವುದು ಗರಿಷ್ಠ 41 ಆಂಪಿಯರ್, ಕಂಟ್ರೋಲರ್ 50 ಆಂಪಿಯರಿನದಾಗಿರಲಿ. ಗರಿಷ್ಠ ವೋಲ್ಟೇಜಿನ ಲೆಕ್ಕವನ್ನು ಆ ಸ್ಥಳದ ಅತ್ಯಂತ ತಣ್ಣನೆಯ ಮುಂಜಾವಿಗೆ ಮಾಡಬೇಕೇ ಹೊರತು ಸಾಧಾರಣ ದಿನಕ್ಕಲ್ಲ.

ಇನ್ವರ್ಟರ್

ಒಂದೇ ಸಮಯದಲ್ಲಿ ಓಡಬಹುದಾದ ಉಪಕರಣಗಳ ವ್ಯಾಟನ್ನು ಕೂಡಿದರೆ ನಮ್ಮ ಮನೆಯಲ್ಲಿ 1100ರ ಹತ್ತಿರ ಬರುತ್ತದೆ. ಆದರೆ ಪಂಪು, ಫ್ರಿಜ್ಜಿನಂಥ ಮೋಟಾರುಗಳು ನಿಂತಲ್ಲಿಂದ ತಿರುಗತೊಡಗುವ ಕ್ಷಣದಲ್ಲಿ ತಮ್ಮ ಮಾಮೂಲಿ ಬಳಕೆಯ ಮೂರರಿಂದ ಐದು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಎಳೆಯುತ್ತವೆ. 750 ವ್ಯಾಟಿನ ಪಂಪು ಕ್ಷಣಕಾಲ 3000 ವ್ಯಾಟ್ ದಾಟಬಹುದು. ಆದ್ದರಿಂದ 2000 ವ್ಯಾಟನ್ನು ನಿರಂತರವಾಗಿಯೂ 4000 ವ್ಯಾಟನ್ನು ಕೆಲವು ಕ್ಷಣಗಳ ಮಟ್ಟಿಗೂ ತಾಳಿಕೊಳ್ಳುವ ಇನ್ವರ್ಟರ್ ಬೇಕು. ಅದು ಪ್ಯೂರ್ ಸೈನ್ ವೇವ್ ಬಗೆಯದಾಗಿರಬೇಕು, ಅಂದರೆ ಗ್ರಿಡ್ಡಿನ ವಿದ್ಯುತ್ತಿನಂತೆ ನಯವಾದ ಅಲೆ ಕೊಡುವಂಥದ್ದು. ಒರಟು ಅಲೆ ಕೊಡುವ ಅಗ್ಗದ ಇನ್ವರ್ಟರುಗಳಲ್ಲಿ ಮೋಟಾರುಗಳು ಗುಂಯ್‌ಗುಟ್ಟುತ್ತಾ ಕಾಯುತ್ತವೆ. ಬೇಕಾದುದಕ್ಕಿಂತ ಬಹಳ ದೊಡ್ಡದನ್ನು ಕೊಳ್ಳುವುದೂ ಸರಿಯಲ್ಲ, ದೊಡ್ಡ ಇನ್ವರ್ಟರಿನ ಸುಮ್ಮನಿರುವಾಗಿನ ಖರ್ಚೂ ದೊಡ್ಡದೇ.

ಸುರಕ್ಷತೆ

ಕಡಿಮೆ ವೋಲ್ಟೇಜಿನದಾದ್ದರಿಂದ ಅಪಾಯವಿಲ್ಲ ಎಂಬ ಭಾವನೆ ಜನರಲ್ಲಿದೆ. 48 ವೋಲ್ಟಿನ ಬ್ಯಾಟರಿ ಆಘಾತ ಕೊಡುವುದು ಅಪರೂಪವಿರಬಹುದು, ಆದರೆ ಅದರ ಎರಡು ತುದಿಗಳ ಮೇಲೆ ಒಂದು ಸ್ಪ್ಯಾನರ್ ಜಾರಿಬಿದ್ದರೆ ಸಾವಿರಾರು ಆಂಪಿಯರ್ ಹರಿದು ಕಬ್ಬಿಣವೇ ಕೆಂಪಾಗುತ್ತದೆ. ಬ್ಯಾಟರಿಯ ತುದಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿ ಸೂಕ್ತ ಫ್ಯೂಸ್ ಇರಲೇಬೇಕು. ಸರಣಿಯಲ್ಲಿನ ಫಲಕಗಳ 123 ವೋಲ್ಟ್ ಜೀವಕ್ಕೇ ಅಪಾಯ. ಬೆಳಕು ಇರುವವರೆಗೂ ಫಲಕವನ್ನು ಆರಿಸುವ ಸ್ವಿಚ್ ಎಂಬುದಿಲ್ಲ. ಎಸಿ ವಿದ್ಯುತ್ ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಬಂದು ಹೋಗುವುದರಿಂದ ಸ್ವಿಚ್ ತೆರೆದಾಗ ಹುಟ್ಟುವ ಕಿಡಿ ತಾನಾಗಿ ನಂದುತ್ತದೆ. ಡಿಸಿ ಹಾಗಲ್ಲ, ಅದರ ಕಿಡಿ ಎಳೆಯಾಗಿ ಉರಿಯುತ್ತಲೇ ಇರಬಲ್ಲದು. ಆದ್ದರಿಂದ ಡಿಸಿ ಭಾಗದಲ್ಲಿ ಡಿಸಿಗೆಂದೇ ತಯಾರಾದ ಬ್ರೇಕರುಗಳನ್ನಷ್ಟೇ ಹಾಕಬೇಕು, ವಿದ್ಯುತ್ ಹರಿಯುತ್ತಿರುವಾಗ ಫಲಕಗಳ ಕನೆಕ್ಟರುಗಳನ್ನು ಎಳೆದು ಬಿಡಿಸಬಾರದು. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಅದು 4 ಶೇಕಡಾ ಆದರೂ ಹೊತ್ತಿಕೊಳ್ಳಬಲ್ಲದು, ಹೀಗಾಗಿ ಅವನ್ನಿಡುವ ಜಾಗಕ್ಕೆ ಮೇಲ್ಭಾಗದಲ್ಲಿ ಗಾಳಿಕಿಂಡಿ ಬೇಕು. ಚೌಕಟ್ಟುಗಳಿಗೆ ಅರ್ಥಿಂಗ್, ಸಿಡಿಲಿನ ಪ್ರದೇಶವಾದರೆ ಸರ್ಜ್ ಪ್ರೊಟೆಕ್ಟರ್ ಕಡ್ಡಾಯವೆಂದೇ ತಿಳಿಯಬೇಕು. ಲೆಕ್ಕವನ್ನು ನಾವೇ ಮಾಡಿಕೊಳ್ಳಬಹುದು, ಅಂತಿಮ ಜೋಡಣೆಯನ್ನು ಪರವಾನಗಿ ಇರುವ ಇಲೆಕ್ಟ್ರಿಷಿಯನ್ನರಿಂದ ಮಾಡಿಸುವುದೇ ಕ್ಷೇಮ.

ಬಳಕೆಯ ಕ್ರಮ ಮತ್ತು ಮುಂದಿನ ವಿಸ್ತರಣೆ

ಲಿಥಿಯಂ ಬ್ಯಾಟರಿಯ ವೋಲ್ಟೇಜು ತುಂಬಿದ್ದಾಗಲೂ ಅರ್ಧವಿದ್ದಾಗಲೂ ಹೆಚ್ಚುಕಡಿಮೆ ಒಂದೇ ಇರುವುದರಿಂದ, ವೋಲ್ಟ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಒಳಹೋದ ಮತ್ತು ಹೊರಬಂದ ಆಂಪಿಯರುಗಳನ್ನು ಎಣಿಸುವ ಷಂಟ್ ಮೀಟರ್ ಅಳವಡಿಸಿದರೆ ಉಳಿಕೆ ಶೇಕಡಾವಾರಿನಲ್ಲಿ ಕಾಣುತ್ತದೆ. ಆ ಅಂಕಿ ಕಣ್ಣೆದುರಿಗಿದ್ದರೆ ಮನೆಯವರೇ ಕ್ರಮೇಣ ಪಂಪನ್ನು ಮಧ್ಯಾಹ್ನಕ್ಕೆ, ಲ್ಯಾಪ್‌ಟಾಪ್ ಚಾರ್ಜಿಂಗನ್ನು ಹಗಲಿಗೆ ಸರಿಸಿಕೊಳ್ಳುತ್ತಾರೆ. ಬ್ಯಾಟರಿಯನ್ನು ಮುಟ್ಟದೆ ಫಲಕದಿಂದ ನೇರವಾಗಿ ಬಳಕೆಯಾದ ವಿದ್ಯುತ್ತಿಗೆ ಕೂಡಿಡುವ ನಷ್ಟವೂ ಇಲ್ಲ.

ವರ್ಷಕ್ಕೆ ಒಂದೆರಡು ಬಾರಿ ಬರುವ ವಾರಗಟ್ಟಲೆಯ ಮೋಡಕ್ಕೂ ಸಾಲುವಷ್ಟು ಬ್ಯಾಟರಿ ಕೊಳ್ಳಲು ಹೊರಟರೆ ವೆಚ್ಚ ಕೈಮೀರುತ್ತದೆ. ಆ ಕೆಲವು ದಿನಗಳಿಗೆ ಒಂದು ಚಿಕ್ಕ ಜನರೇಟರ್ ಮತ್ತು ಅದರಿಂದ ಬ್ಯಾಟರಿ ತುಂಬಿಸುವ ಚಾರ್ಜರ್ ಇಟ್ಟುಕೊಳ್ಳುವುದು ಹೆಚ್ಚು ಲಾಭಕರ. ಅದನ್ನು ಯಾವಾಗಲೂ ಮನೆಯಿಂದ ಹೊರಗೆ, ಕಿಟಕಿ ಬಾಗಿಲುಗಳಿಂದ ದೂರ ಓಡಿಸಬೇಕು, ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಆದರೆ ಅದು ಪ್ರಾಣ ತೆಗೆಯಬಲ್ಲ ವಿಷಾನಿಲ.

ಒಂದೆರಡು ವರ್ಷ ಕಳೆದ ಮೇಲೆ ಬೇಡಿಕೆ ಹೆಚ್ಚುವುದು ಸಹಜ. ಫಲಕಗಳನ್ನು ಆಗ ಸೇರಿಸುವುದು ಸುಲಭ, ಲೆಡ್ ಆಸಿಡ್ ಬ್ಯಾಟರಿಗಳನ್ನು ಸೇರಿಸುವುದು ಕಷ್ಟ. ಹಳೆಯ ಗುಂಪಿಗೆ ಹೊಸದನ್ನು ಜೋಡಿಸಿದರೆ ಹೊಸದೂ ಬೇಗನೆ ಹಳೆಯದರ ಮಟ್ಟಕ್ಕೆ ಇಳಿಯುತ್ತದೆ. ಲಿಥಿಯಂನಲ್ಲೂ ತಯಾರಕರು ಸಮಾನಾಂತರ ಜೋಡಣೆಗೆ ಅನುಮತಿಸಿರುವ ಮಾದರಿಯನ್ನೇ, ಅದೇ ಸಾಮರ್ಥ್ಯದಲ್ಲಿ ಸೇರಿಸಬೇಕಾಗುತ್ತದೆ. ಆದ್ದರಿಂದ ಮೊದಲ ದಿನವೇ ಬ್ಯಾಟರಿಯ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ, ಫಲಕಗಳ ಚೌಕಟ್ಟಿನಲ್ಲಿ ಇನ್ನು ಮೂರಕ್ಕೆ ಎಡೆ, ಅಲ್ಲಿಂದ ಮನೆಗೆ ಬರುವ ಕೊಳವೆಯಲ್ಲಿ ಮತ್ತೊಂದು ಜೋಡಿ ತಂತಿ ತೂರಿಸುವಷ್ಟು ಅಗಲ ಬಿಟ್ಟಿರಬೇಕು.